ಕೋಲ್ಕತ್ತಾ ಮೇಲಿಲ್ಲದ ಉರಿ ಚೆನ್ನೈ ಮೇಲೆ ಯಾಕೆ?

ಬನಶಂಕರಿ_ಎರಡನೇ_ಹಂತ

ಮೊನ್ನೆ ಆಫೀಸಲ್ಲಿ ಊಟ ಮಾಡ್ತಾ ಕೂತಿದ್ದಾಗ ಹೊಸದಾಗಿ ಸೇರಿದ ಹುಡುಗನೊಬ್ಬ ಕೇಳಿದ. "ಸಾರ್, ಆರ್‌ಸಿಬಿಗೆ ಮುಂಬೈನೂ ಬೇಕಾದಷ್ಟು ಹೊಡೆದಿದೆ, ಕೋಲ್ಕತ್ತಾನೂ ಹೊಡೆದಿದೆ. ಅವರ ಮೇಲಿಲ್ಲದ ಉರಿ ಚೆನ್ನೈ ಮೇಲೆ ಯಾಕೆ?" ಉತ್ತರ ಗೊತ್ತಿದೆ ಅಂತ ಬಾಯಿ ತೆಗೆದೆ. ಏನೂ ಬರಲಿಲ್ಲ. ರಾತ್ರಿಯೆಲ್ಲ ತಲೇಲಿ ಅದೇ ಕೊರೀತಿತ್ತು, ಅದಕ್ಕೇ ಇಲ್ಲಿ ಬರೀತಿದ್ದೀನಿ.

ನ್ಯಾಯವಾಗಿ ನೋಡಿದ್ರೆ ನಮ್ಮ ಮೊದಲ ಶತ್ರು ಕೋಲ್ಕತ್ತಾ ಆಗ್ಬೇಕಿತ್ತು. 2008ರ ಏಪ್ರಿಲ್ 18, ಐಪಿಎಲ್‌ನ ಮೊಟ್ಟಮೊದಲ ಪಂದ್ಯ, ನಮ್ಮದೇ ಚಿನ್ನಸ್ವಾಮಿ. ಮೆಕಲಮ್ ಒಬ್ಬನೇ 158 ಹೊಡೆದು ಔಟಾಗದೆ ನಿಂತ, ನಮ್ಮ ಹನ್ನೊಂದು ಜನ ಸೇರಿ 82. ಮದುವೆ ಮನೇಲಿ ಮೊದಲ ಪಂಕ್ತಿಗೆ ಕೂರಿಸಿ ಎಲೆ ಕಿತ್ಕೊಂಡ ಹಾಗಿತ್ತು. ಆದ್ರೂ ಇವತ್ತಿಗೂ ಕೋಲ್ಕತ್ತಾ ಅಂದ್ರೆ ನನಗೆ ಏನೂ ಅನಿಸಲ್ಲ. ಯಾಕಂದ್ರೆ ಮಾರನೇ ದಿನ ಬೆಳಗ್ಗೆ ನಮ್ಮ ಬೀದೀಲಿ ಹಲ್ಲು ಕಿರಿಯೋಕೆ ಕೋಲ್ಕತ್ತಾದವರು ಒಬ್ಬರೂ ಇರಲಿಲ್ಲ.

ಚೆನ್ನೈಯವರು ಇದ್ದರು. ನಮ್ಮ ಕೆಳಗಿನ ಮನೆಯಲ್ಲೇ.

ಅಂಕಲ್ ಊರು ಕುಂಭಕೋಣ. ಬೆಂಗಳೂರಿಗೆ ಬಂದು ನಲವತ್ತು ವರ್ಷದ ಮೇಲಾಯ್ತು. ನನಗಿಂತ ಚೆನ್ನಾಗಿ ಕನ್ನಡ ಪೇಪರ್ ಓದ್ತಾರೆ. ಕ್ರಿಕೆಟ್ ವಿಷಯಕ್ಕೆ ಬಂದ್ರೆ ಮಾತ್ರ ಹಳದಿ, ಅಂದ್ರೆ ಚೆನ್ನೈ ಕಡೆ. ನಮ್ಮಿಬ್ಬರ ಮಧ್ಯೆ ಒಂದು ಪಂಥ ಇದೆ: ಸೋತವರು ಮಾರನೇ ಬೆಳಗ್ಗೆ ಗೆದ್ದವರ ಮನೆಗೆ ಹಾಲಿನ ಪ್ಯಾಕೆಟ್ ತಂದು ಕೊಡಬೇಕು. ಬಾಗಿಲಲ್ಲಿ ಇಟ್ಟು ಓಡಿ ಹೋಗೋ ಹಾಗಿಲ್ಲ, ಬೆಲ್ ಒತ್ತಿ ಮುಖ ತೋರಿಸಿ ಕೊಡಬೇಕು.

2011ರ ಮೇ 28, ಚೆಪಾಕ್‌ನಲ್ಲಿ ಫೈನಲ್. ಮುರಳಿ ವಿಜಯ್ 95, ಅವರು 205. ನಮ್ಮ ಕಡೆ ಗೇಲ್ ಇದ್ದಾನಲ್ಲ ಅಂತ ಧೈರ್ಯ. ಮೊದಲನೇ ಓವರಲ್ಲೇ ಅಶ್ವಿನ್ ಸೊನ್ನೆಗೆ ಕಳಿಸಿದ. 58 ರನ್‌ನಿಂದ ಸೋತ್ವಿ. ಮಾರನೇ ದಿನ ಭಾನುವಾರ, ಆರೂವರೆಗೆ ಹಾಲು ಹಿಡ್ಕೊಂಡು ಬೆಲ್ ಒತ್ತಿದೆ. ಅಂಕಲ್ ಒಂದು ಮಾತೂ ಆಡಲಿಲ್ಲ. "ಬನ್ನಿ, ಇದೇ ಹಾಲಲ್ಲಿ ಕಾಫಿ ಮಾಡ್ಸ್ತೀನಿ" ಅಂದ್ರು. ಬೈದಿದ್ರೆ ತಡ್ಕೋಬಹುದಿತ್ತು. ಆ ಕಾಫಿ ಇನ್ನೂ ಗಂಟಲಲ್ಲೇ ಇದೆ.

ಹಾಗಾಗಿ ನನ್ನ ತಕರಾರು ಇಷ್ಟೇ: ಎದುರಾಳಿ ಅಂದ್ರೆ ನಮ್ಮನ್ನ ಹೆಚ್ಚು ಸಲ ಸೋಲಿಸಿದವನಲ್ಲ. ಸೋತ ಮಾರನೇ ದಿನ ನಾವು ಮುಖ ತೋರಿಸಲೇಬೇಕಾದವನು. ಒಪ್ತೀರಾ?

ಮೆಜೆಸ್ಟಿಕ್_ಪ್ಲಾಟ್‌ಫಾರಂ

ಒಪ್ಪಿದೆ ಗುರು. ಆದ್ರೆ ಬರೀ ನೆರೆಹೊರೆ ಅಂದ್ರೆ ಸಾಲಲ್ಲ, ಗಾಯನೂ ಬೇಕು. 2012ರಲ್ಲಿ 205 ಹೊಡೆದೂ ಸೋತಿದ್ದು ನೆನಪಿದ್ಯಾ? ಎರಡು ಓವರಿಗೆ 43 ಬೇಕು, ಹತ್ತೊಂಬತ್ತನೇ ಓವರ್ ಕೊಟ್ಟಿದ್ದು ಯಾರಿಗೆ, ಕೊಹ್ಲಿಗೆ! ಆಲ್ಬಿ ಮಾರ್ಕೆಲ್ 28 ಚಚ್ಚಿದ. ಕೊನೇ ಬಾಲಲ್ಲಿ ಮುಗಿಸಿದರು.

ಮುಂದಿನ ವರ್ಷ ಅದೇ ಚೆಪಾಕ್. ಕೊನೇ ಬಾಲಿಗೆ ಎರಡು ರನ್. ಜಡೇಜ ಎತ್ತಿದ, ಥರ್ಡ್‌ಮ್ಯಾನಲ್ಲಿ ಕ್ಯಾಚ್. ಹಾಸ್ಟೆಲಲ್ಲಿ ನಾವು ಬಕೆಟ್ ಬಡೀತಾ ಕುಣಿದ್ವಿ. ಆಮೇಲೆ ನೋಡಿದ್ರೆ ಆರ್‌ಪಿ ಸಿಂಗ್ ನೋಬಾಲ್. ಓಡಿದ ಒಂದು, ನೋಬಾಲಿಂದು ಒಂದು, ಮುಗೀತು ಕತೆ. ಆ ಬಕೆಟ್ ಒಡೆದಿದ್ದಕ್ಕೆ ವಾರ್ಡನ್ ದಂಡ ಹಾಕಿದ್ದು ಬೇರೆ. ಗೆದ್ದಿದ್ರೆ ಸಂತೋಷವಾಗಿ ಕಟ್ಟಿರ್ತಿದ್ದೆ.

ಹುಬ್ಬಳ್ಳಿ_ಗಿರ್ಮಿಟ್

ಎಲ್ಲಾ ಛಲೋ ಬರದೀರಿ. ಆದ್ರ ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. "ನಮ್ಮದು" "ನಮ್ಮದು" ಅಂತೀರಲ್ಲ, ಯಾರದು? ಹೆಸರ ಬೆಂಗಳೂರಂದು. ಆಟ ನಡಿಯೂದು ಬೆಂಗಳೂರಾಗ. ನಮಗ ಬೆಂಗಳೂರು ನಾಕ್ನೂರು ಕಿಲೋಮೀಟರ್. ಬೆಳಗಾವಿ ಮಂದಿಗಂತೂ ಪುಣೆನ ಹತ್ತರ.

ಚೆನ್ನೈ ನಮ್ಮ ಬಾಜೂಕ ಇಲ್ರಿ. ನಮ್ಮ ಜಿದ್ದು ಏನಿದ್ರೂ ಬೆಂಗಳೂರಿನ ಮ್ಯಾಲೆ. ಗದಗಿನ ಸುನಿಲ್ ಜೋಶಿ ಸಣ್ಣವ ಇದ್ದಾಗ ಮುಂಜಾನೆದ್ದು ಹುಬ್ಬಳ್ಳಿಗೆ ಪ್ರಾಕ್ಟೀಸಿಗೆ ಬರತಿದ್ದ. ಮುಂದ 1999ರಾಗ ನೈರೋಬಿಯೊಳಗ ದಕ್ಷಿಣ ಆಫ್ರಿಕಾದ ಮ್ಯಾಲೆ ಹತ್ತು ಓವರ್ ಹಾಕಿ ಬರೇ 6 ರನ್ ಕೊಟ್ಟು 5 ವಿಕೆಟ್ ತಗೊಂಡ. ದಾವಣಗೆರೆ ವಿನಯ್ ಕುಮಾರ ಬೆಂಗಳೂರಿಗೆ ಹೋಗಿ ತನ್ನ ಜಾಗಾ ತಾನ ಮಾಡ್ಕೊಂಡ. ನಮ್ಮ ಕಡೆ ಹುಡುಗರು ಬೌಲ್ ಮಾಡೂದಕಿಂತ ಮೊದಲ ರೈಲು ಹತ್ತೂದು ಕಲೀಬೇಕು.

2024ರ ಆಗಸ್ಟ್‌ನಾಗ ನಮ್ಮ ರಾಜ್ಯದ ಟಿ20 ಟೂರ್ನಿ ಮಹಾರಾಜ ಟ್ರೋಫಿಯೊಳಗ ಹುಬ್ಬಳ್ಳಿ ಟೈಗರ್ಸ್, ಬೆಂಗಳೂರ ಬ್ಲಾಸ್ಟರ್ಸ್ ಟೈ ಆತು. ಸೂಪರ್ ಓವರ್ ಟೈ. ಮತ್ತೊಂದು, ಅದೂ ಟೈ. ಮೂರನೇ ಸೂಪರ್ ಓವರಿನಾಗ ನಾವು ಗೆದ್ವಿ. ಬೆಂಗಳೂರಿಗೆ ಹೋಗಿ, ಚಿನ್ನಸ್ವಾಮಿ ಒಳಗ, ಬೆಂಗಳೂರಿನವರನ್ನ! ಅವತ್ತು ನಮ್ಮ ಓಣಿಯಾಗ ಪಟಾಕಿ ಹೊಡದೀವಿ. ನೀವು ಬೆಂಗಳೂರಿನವರಿಗೆ ಆ ಮ್ಯಾಚ್ ಆಗಿದ್ದ ಗೊತ್ತಿಲ್ಲ ಅನಸ್ತದ. ಜಿದ್ದಿನಾಗ ಅದ ದೊಡ್ಡ ಸಂಕಟ ನೋಡ್ರಿ, ನಾವು ಎದುರಾಳಿ ಅನ್ನೂದು ಎದರಿನವಗ ಗೊತ್ತ ಇರೂದಿಲ್ಲ.

ಬನಶಂಕರಿ_ಎರಡನೇ_ಹಂತ

@ಹುಬ್ಬಳ್ಳಿ_ಗಿರ್ಮಿಟ್ ಅಣ್ಣಾ, ತಪ್ಪಾಯ್ತು. ನಿಜವಾಗ್ಲೂ ಗೊತ್ತಿರಲಿಲ್ಲ. ನಿಮ್ಮ ಕೊನೇ ಸಾಲಿಗೆ ನನ್ನ ಹತ್ರ ಉತ್ತರ ಇಲ್ಲ.

ಕಾಂಕ್ರೀಟ್_ಮೆಟ್ಟಿಲು

ನಿಮ್ಮೆಲ್ಲರಿಗಿಂತ ವಯಸ್ಸಿನಲ್ಲಿ ಹಿರಿಯ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಮ್ಮ ಕಾಲಕ್ಕೆ ಎದುರಾಳಿ ಎಂದರೆ ಬೊಂಬಾಯಿ. ಬೇರೆ ಯಾರೂ ಅಲ್ಲ. ಹದಿನೈದು ವರ್ಷ ಸತತವಾಗಿ ರಣಜಿ ಟ್ರೋಫಿ ಅವರ ಬೀರುವಿನಲ್ಲೇ ಇತ್ತು. ಉಳಿದವರು ಎರಡನೇ ಸ್ಥಾನಕ್ಕೆ ಆಡುತ್ತಿದ್ದರು. 1974ರ ಮಾರ್ಚ್‌ನಲ್ಲಿ ಸೆಮಿಫೈನಲ್ ನಮ್ಮ ಊರಲ್ಲಿ ನಡೆಯಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಇನ್ನೂ ಐದು ತಿಂಗಳೂ ತುಂಬಿರಲಿಲ್ಲ. ಅದುವರೆಗೆ ನಮ್ಮ ತಂಡ ಆಡುತ್ತಿದ್ದುದು ಮೈಸೂರು ಎಂಬ ಹೆಸರಲ್ಲಿ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಆಮೇಲೆ ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರಲ್ಲ, ಆ ಕ್ಷಣ ಮೈದಾನದಲ್ಲಿದ್ದವರೆಲ್ಲ ಈಗಲೂ ಅದನ್ನು ಕೈಯಲ್ಲಿ ಮಾಡಿ ತೋರಿಸುತ್ತಾರೆ, ಚೆಂಡು ಹೀಗೆ ಹೋಗಿ ಹೀಗೆ ತಿರುಗಿತು ಎಂದು. ವಾಡೇಕರ್ ಕಾಲು ಜಾರಿ ರನೌಟ್ ಆದರು. ಮೊದಲ ಇನಿಂಗ್ಸ್ ಮುನ್ನಡೆ ನಮ್ಮದು, ಅದರ ಬಲದಿಂದಲೇ ಫೈನಲ್‌ಗೆ ಹೋದೆವು. ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿ ತಂದರು.

ನಾನು ಹೇಳುವುದೇನೆಂದರೆ, ಆ ಹನ್ನೊಂದು ಜನ ನಮ್ಮ ಬಸ್ಸಿನಲ್ಲಿ ಓಡಾಡಿದವರು, ನಮ್ಮ ಕಾಲೇಜಿನಲ್ಲಿ ಓದಿದವರು. ಅವರು ಗೆದ್ದರೆ ನಾವು ಗೆದ್ದೆವು ಎನ್ನಲು ಕಾರಣವಿತ್ತು. ಈಗ ನೋಡಿ. ಚೆನ್ನೈ ಎಂದರೆ ಯಾರು? ರಾಂಚಿಯ ಧೋನಿ. ಬೆಂಗಳೂರು ಎಂದರೆ ಯಾರು? ದೆಹಲಿಯ ಕೊಹ್ಲಿ. ರಾಂಚಿಗೂ ದೆಹಲಿಗೂ ಜಗಳ ಹಚ್ಚಿ ನೀವು ಬನಶಂಕರಿಯಲ್ಲಿ ಹಾಲು ಹಂಚುತ್ತಿದ್ದೀರಿ.

ಕರ್ನಾಟಕ–ತಮಿಳುನಾಡು ಪೈಪೋಟಿ ನೋಡಬೇಕಾದರೆ ದೇಶೀಯ ಕ್ರಿಕೆಟ್ ನೋಡಿ. 2015ರ ರಣಜಿ ಫೈನಲ್, ವಾಂಖೆಡೆ. ತಮಿಳುನಾಡು 134ಕ್ಕೆ ಆಲೌಟ್. ನಾವು 762. ಕರುಣ್ ನಾಯರ್ 328, ರಾಹುಲ್ 188. ನಾಯಕ ವಿನಯ್ ಕುಮಾರ್ ಐದು ವಿಕೆಟ್ ಕಿತ್ತು, ಆಮೇಲೆ ಸೆಂಚುರಿಯನ್ನೂ ಹೊಡೆದರು. ಟಿ.ವಿ.ಯಲ್ಲಿ ಎಷ್ಟು ಜನ ನೋಡಿದಿರಿ, ಕೈ ಎತ್ತಿ.

ಮೆಜೆಸ್ಟಿಕ್_ಪ್ಲಾಟ್‌ಫಾರಂ

ಕೈ ಎತ್ತಲ್ಲ ಸಾರ್. ಆಫೀಸಲ್ಲಿ ಸ್ಕೋರ್ ರಿಫ್ರೆಶ್ ಮಾಡ್ತಾ ಇದ್ದೆ, ಅರ್ಧ ಕೈ ಎತ್ತಬಹುದಾ?

ಗಂಗೋತ್ರಿ_ಹುಲ್ಲು

ಹಿರಿಯರು ಬೊಂಬಾಯಿ ಅಂದ್ರಲ್ಲ, ನನ್ನ ಗಾಯನೂ ಕೆದಕಿದರು. 2010ರ ಜನವರಿ, ಮೈಸೂರಿನ ಮಾನಸಗಂಗೋತ್ರಿ ಮೈದಾನ, ಕರ್ನಾಟಕ–ಮುಂಬೈ ರಣಜಿ ಫೈನಲ್. ನಾನಾಗ ಅಲ್ಲೇ ಎಂ.ಎ. ಓದ್ತಿದ್ದೆ. ಕ್ಲಾಸಲ್ಲಿ ಯಾರಿದ್ದರು ಅಂತ ಕೇಳಬೇಡಿ, ಮೇಷ್ಟ್ರೂ ಅಲ್ಲೇ ಇದ್ದರು. ಮರದ ಮೇಲೆ ಜನ, ಕಾಂಪೌಂಡ್ ಮೇಲೆ ಜನ.

ಗೆಲ್ಲೋಕೆ 338. ಮನೀಶ್ ಪಾಂಡೆ 144. ಅವನು ಆಡ್ತಿದ್ದಾಗ ಟ್ರೋಫಿ ಕೈಗೆ ಬಂದೇಬಿಡ್ತು ಅಂತ ಪಕ್ಕದಲ್ಲಿದ್ದವನು ತಲೆ ಮೇಲಿಂದ ಟವೆಲ್ ತೆಗೆದು ತಿರುಗಿಸೋಕೆ ಶುರು ಮಾಡಿದ. ಆಮೇಲೆ ಒಬ್ಬೊಬ್ಬರೇ ಹೋದರು. ಆರೇ ಆರು ರನ್ನಿಂದ ಸೋತ್ವಿ. ಅವನು ಟವೆಲ್ ಮುಖದ ಮೇಲೆ ಹಾಕ್ಕೊಂಡು ಹುಲ್ಲಲ್ಲಿ ಮಲಗಿಬಿಟ್ಟ. ನಾವೂ ಎಬ್ಬಿಸಲಿಲ್ಲ.

ಇಷ್ಟೆಲ್ಲ ಆದ್ರೂ ಮುಂಬೈ ಇಂಡಿಯನ್ಸ್ ಮೇಲೆ ನನಗೇನೂ ಕೋಪ ಇಲ್ಲ. ಮುಂಬೈ ರಣಜಿ ತಂಡದ ಮೇಲಿದೆ. ಅಂದ್ರೆ ಒಂದೇ ಊರಿನ ಎರಡು ತಂಡದ ಮೇಲೆ ಎರಡು ಥರ ಮನಸ್ಸು.

ಮಾರಿಕುಪ್ಪಂ_ಪ್ಯಾಸೆಂಜರ್

ಇಷ್ಟೊತ್ತು ಸುಮ್ನೆ ಓದ್ತಾ ಇದ್ದೆ. ನನ್ನ ಕಥೆ ಸ್ವಲ್ಪ ಸಿಕ್ಕಲು.

ನಮ್ಮದು ಕೆಜಿಎಫ್. ಮುತ್ತಜ್ಜ ಗಣಿ ಕೆಲಸಕ್ಕೆ ಅಂತ ಉತ್ತರ ಆರ್ಕಾಟ್ ಕಡೆಯಿಂದ ಬಂದವರು. ಮನೇಲಿ ಮಾತು ತಮಿಳು, ಓದಿದ್ದು ಕನ್ನಡ ಮೀಡಿಯಂ, ಹೊಟ್ಟೆಪಾಡು ಬೆಂಗಳೂರು. ಬೆಳಗಿನ ಟ್ರೈನಲ್ಲಿ ನಮ್ಮ ಬೋಗಿ ಒಂದು ಸಣ್ಣ ಚಿನ್ನಸ್ವಾಮಿ. ಈ ಕಡೆ ಸೀಟು ಕೆಂಪು, ಆ ಕಡೆ ಸೀಟು ಹಳದಿ, ಇಬ್ಬರೂ ಬೈಕೊಳ್ಳೋದು ತಮಿಳಲ್ಲೇ.

ನಾನು ಆರ್‌ಸಿಬಿ. ಅಪ್ಪ ಸಿಎಸ್‌ಕೆ. ಟ್ರೈನಲ್ಲಿ ಹಳದಿಯವರು ನನ್ನನ್ನ "ನಮ್ಮೋನಾಗಿ ಹೀಗಾ" ಅಂತಾರೆ. ಆಫೀಸಲ್ಲಿ ಕೆಂಪಿನವರು "ನೀನು ಒಳಗೊಳಗೆ ಹಳದೀನೇ ಬಿಡು" ಅಂತಾರೆ. ಆರ್‌ಸಿಬಿ ಸೋತ ದಿನ ನಾನು ಎರಡು ಕಡೇನೂ ಅಳೋ ಹಾಗಿಲ್ಲ.

ಮೈದಾನದಲ್ಲಿ ಯಾರೂ ಯಾರನ್ನೂ ಹಾಗೆ ಕೇಳಲ್ಲ ನೋಡಿ. 2024ರ ಮೇ 18 ನೆನಪು ಮಾಡ್ಕೊಳ್ಳಿ. ನಾವು 218. ಪ್ಲೇ-ಆಫಿಗೆ ಹೋಗೋಕೆ ನಾವು 18 ರನ್ನಿಂದ ಗೆಲ್ಲಬೇಕು, ಅವರು 201 ಮುಟ್ಟಿದ್ರೆ ಸೋತರೂ ಅವರೇ ಒಳಗೆ. ಕೊನೇ ಓವರಲ್ಲಿ ಅದಕ್ಕೆ ಬೇಕಿದ್ದಿದ್ದು 17. ಮೊದಲ ಬಾಲೇ ಧೋನಿ 110 ಮೀಟರ್ ಆಚೆ, ಸ್ಟೇಡಿಯಂ ಹೊರಗೆ ಎಸೆದ. ಒದ್ದೆ ಚೆಂಡು ಹೋಯ್ತು, ಬೇರೆ ಚೆಂಡು ಬಂತು. ಮುಂದಿನ ಬಾಲಲ್ಲಿ ಧೋನಿ ಔಟ್. ಯಶ್ ದಯಾಳ್ ಆ ಓವರಲ್ಲಿ ಕೊಟ್ಟಿದ್ದು ಏಳೇ ರನ್. ಅವತ್ತು ನಮ್ಮ ಸ್ಟಂಪ್ ಹಿಂದೆ ಕೀಪರ್ ಯಾರಿದ್ದು? ಚೆನ್ನೈ ಹುಡುಗ ದಿನೇಶ್ ಕಾರ್ತಿಕ್. ಅದೇ ಥರ 2021ರಲ್ಲಿ ಚೆನ್ನೈ ಕಪ್ ಗೆದ್ದಾಗ ಅವರ ಪರ ಹೊಡೆದಿದ್ದು ನಮ್ಮ ರಾಬಿನ್ ಉತ್ತಪ್ಪ. ಅವರಿಗಿಲ್ಲದ ಗೊಂದಲ ನನಗ್ಯಾಕೆ ಹಚ್ತೀರಾ?

ಕುಡ್ಲದ_ಬಂಗುಡೆ

ಅದು ಸರಿ ಮಾರಾಯ್ರೆ. ಆದ್ರೆ ನಮ್ಮ ಕೆ.ಎಲ್. ರಾಹುಲ್ ವಿಷಯ ಯಾರೂ ಎತ್ತಲೇ ಇಲ್ಲ ಅಲ್ವಾ? 2025ರ ಏಪ್ರಿಲ್‌ನಲ್ಲಿ ಡೆಲ್ಲಿ ಪರ ಬಂದು ಚಿನ್ನಸ್ವಾಮಿಯಲ್ಲಿ 93 ಹೊಡೆದು ಗೆಲ್ಲಿಸಿದ್ದು. ಕೊನೆಗೆ ಬ್ಯಾಟಲ್ಲಿ ನೆಲಕ್ಕೆ ಒಂದು ಸುತ್ತು ಹಾಕಿ, ಮಧ್ಯೆ ಬ್ಯಾಟ್ ಊರಿ ನಿಂತ. ಇದು ನನ್ನ ಜಾಗ ಅಂತ. ಎದುರಿಗೆ ಇಡೀ ಸ್ಟೇಡಿಯಂ ಕೆಂಪು, ಅಲ್ಲಿ "ನಾನೇ ಇಲ್ಲಿಯವ" ಅಂದವ ಎದುರು ತಂಡದವ!

ನಾನು ಆವತ್ತು ಆರ್‌ಸಿಬಿ ಟೀ ಶರ್ಟ್ ಹಾಕ್ಕೊಂಡೇ ಚಪ್ಪಾಳೆ ಹೊಡೆದದ್ದು. ಪಕ್ಕದವ ಒಂದು ನಮೂನೆ ನೋಡಿದ. ಎಂತ ಮಾಡುವುದು, ಸುರತ್ಕಲ್‌ನಲ್ಲಿ ಬೆಳೆದ ಹುಡುಗ ಅವ.

ಗ್ಯಾಲರಿಯ_ಗೂಳಿ

ಈ ಶಾಂತಿ ಮಾತುಕತೆ ಎಲ್ಲಾ ಬಿಡ್ರಪ್ಪಾ. ಕಾವೇರಿ ನೀರು ಕುಡಿದು ಬೆಳೆದು ಹಳದಿ ಬಾವುಟ ಹಿಡಿಯೋರನ್ನ…

*[ಈ ಬರಹದ ಉಳಿದ ಭಾಗವನ್ನು ತೆಗೆಯಲಾಗಿದೆ.]*

ನಿರ್ವಾಹಕ

ಭಾಷೆ ಹಿಡಿದು ಬೈಯುವ ಪದ ಇಲ್ಲಿ ನಡೆಯುವುದಿಲ್ಲ. ಯಾವ ಪದ ಅಂತ ಕೇಳಬೇಡಿ, ಎಲ್ಲರಿಗೂ ಗೊತ್ತು. ಬ್ಯಾಟಿಂಗ್ ಬಗ್ಗೆ ಎಷ್ಟು ಬೇಕಾದರೂ ಬೈಯ್ಯಿರಿ.

ಚೆಪಾಕ್_ಕೆಂಪಂಗಿ

ಕಾವೇರಿ ಮಾತು ಬಂದಿದ್ದಕ್ಕೆ ಒಂದು ಹೇಳ್ತೀನಿ. ನಾನು ತುಮಕೂರಿನವನು, ಚೆನ್ನೈಗೆ ಬಂದು ಹನ್ನೊಂದು ವರ್ಷ. 2018ರ ಏಪ್ರಿಲ್‌ನಲ್ಲಿ, ಎರಡು ವರ್ಷ ಅಮಾನತು ಮುಗಿಸಿ ಸಿಎಸ್‌ಕೆ ಚೆಪಾಕ್‌ಗೆ ವಾಪಸ್ ಬಂದಾಗ ಇಲ್ಲಿ ಕಾವೇರಿ ಹೋರಾಟ ಜೋರಾಗಿತ್ತು. ನೀರಿಲ್ಲದಾಗ ಆಟ ಬೇಕಾ ಅಂತ ಇಲ್ಲಿನವರೇ ಪ್ರತಿಭಟನೆ ಮಾಡಿದರು. ಕೋಲ್ಕತ್ತಾ ಜೊತೆಗಿನ ಪಂದ್ಯದಲ್ಲಿ ಮೈದಾನಕ್ಕೆ ಚಪ್ಪಲಿ, ಶೂ ಬಿದ್ದವು. ಉಳಿದ ತವರು ಪಂದ್ಯಗಳೆಲ್ಲ ಪುಣೆಗೆ ಹೋದವು. ಅಂದ್ರೆ ಕಾವೇರಿ ಜಗಳದಲ್ಲಿ ಕ್ರಿಕೆಟ್ ಕಳಕೊಂಡಿದ್ದು ಬೆಂಗಳೂರಿನವರಲ್ಲ, ಚೆನ್ನೈಯವರೇ. ನೀರಿನ ಜಗಳಕ್ಕೆ ಹೋಲಿಸಿದ್ರೆ ನಮ್ಮ ಕೆಂಪು ಹಳದಿ ಜಗಳ ಎಷ್ಟು ಚಿಕ್ಕದು ಅಂತ ಅವತ್ತು ಗೊತ್ತಾಯ್ತು. ಎರಡನ್ನೂ ಒಂದೇ ಬಾಯಲ್ಲಿ ಆಡೋನಿಗೆ ಎರಡೂ ಅರ್ಥ ಆಗಿಲ್ಲ.

ಈಗ ಖುಷಿ ವಿಷಯ. 2025ರ ಮಾರ್ಚ್ 28ಕ್ಕೆ ನಾನು ಚೆಪಾಕ್‌ನಲ್ಲಿದ್ದೆ, ಕೆಂಪು ಅಂಗಿ ಹಾಕ್ಕೊಂಡು. ಆರ್‌ಸಿಬಿ ಅಲ್ಲಿ ಕೊನೇ ಸಲ ಸಿಎಸ್‌ಕೆನ ಸೋಲಿಸಿದ್ದು 2008ರ ಮೇ 21ಕ್ಕೆ. ಬರೀ 126 ಹೊಡೆದು 14 ರನ್ನಿಂದ ಗೆದ್ದಿದ್ದು. ಆಮೇಲೆ ಹದಿನೇಳು ವರ್ಷ ಇಲ್ಲ. ಪಕ್ಕದ ಸೀಟಿನ ಹುಡುಗನಿಗೆ ಎಷ್ಟು ವಯಸ್ಸು ಅಂತ ಕೇಳಿದೆ, ಹದಿನಾರು ಅಂದ. "ನೀನು ಹುಟ್ಟಿದ ಮೇಲೆ ನಾವಿಲ್ಲಿ ಗೆದ್ದಿಲ್ಲ ತಂಬಿ" ಅಂದೆ. ನಕ್ಕು ನಕ್ಕು ಪಾಪ್‌ಕಾರ್ನ್ ಚೆಲ್ಲಿದ.

ಪಾಟೀದಾರ್ 51, ನಮ್ಮದು 196. ಹೇಜಲ್‌ವುಡ್ ಮೂರು ವಿಕೆಟ್. ಕೊನೆಗೆ 50 ರನ್ ಅಂತರ. ತಮಾಷೆ ಏನಂದ್ರೆ, ಸೋಲೋದು ಖಾತ್ರಿ ಆದ ಮೇಲೂ ಧೋನಿ ಕೊನೇ ಓವರಲ್ಲಿ ಸಿಕ್ಸ್ ಹೊಡೆದಾಗ ಇಡೀ ಸ್ಟೇಡಿಯಂ ಗೆದ್ದವರ ಥರ ಕೂಗಿತು. ನಾನೊಬ್ಬ ಗೆದ್ದವನು ಸುಮ್ನೆ ಕೂತಿದ್ದೆ. ಹೊರಗೆ ಬಂದಾಗ ಆ ಹುಡುಗ ಕೈ ಕುಲುಕಿ "ಅಣ್ಣಾ, ಇನ್ನು ಹದಿನೇಳು ವರ್ಷ" ಅಂದ.

ಕಂಠೀರವ_ಪಶ್ಚಿಮ

ಕ್ರಿಕೆಟ್ ಜನ ಫುಟ್ಬಾಲನ್ನ ಲೆಕ್ಕಕ್ಕೇ ತಗೊಳ್ಳಲ್ಲ ಅಂತ ಗೊತ್ತು, ಆದ್ರೂ ಹೇಳ್ತೀನಿ. ನಿಮಗೆ ನಿಜವಾದ ದಕ್ಷಿಣದ ಜಿದ್ದು ಬೇಕಂದ್ರೆ ಬೆಂಗಳೂರು ಎಫ್‌ಸಿ–ಕೇರಳ ಬ್ಲಾಸ್ಟರ್ಸ್ ನೋಡಿ. 2023ರ ಮಾರ್ಚ್ 3, ಕಂಠೀರವ, ನಾಕೌಟ್. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಫ್ರೀಕಿಕ್ ಸಿಕ್ತು, ಅವರು ಗೋಡೆ ಕಟ್ಟೋದರಲ್ಲಿದ್ದಾಗಲೇ ಚೆಟ್ರಿ ಒದ್ದೇಬಿಟ್ಟ. ಗೋಲ್! ಅವರ ಕೋಚ್ ಇಡೀ ತಂಡನ ಮೈದಾನದಿಂದ ಕರ್ಕೊಂಡು ಹೊರಟೇ ಹೋದ. ಅಷ್ಟೂ ಜನ ಹಳದಿ ಅಂಗಿಯ ಕೇರಳದವರು ಒಂದು ಕಡೆ, ನಾವು ಒಂದು ಕಡೆ, ಮಧ್ಯೆ ಅರ್ಧ ಖಾಲಿ ಮೈದಾನ. ಆಮೇಲೆ ಬ್ಲಾಸ್ಟರ್ಸ್‌ಗೆ 4 ಕೋಟಿ ದಂಡ ಬಿತ್ತು.

ಇಲ್ಲೂ ನಿಮ್ಮ ಹಾಲಿನ ಲೆಕ್ಕ ಸರಿಯಾಗೇ ಇದೆ. ನಮ್ಮ ಪಿ.ಜಿ. ಓನರ್ ಕಣ್ಣೂರಿನವರು. ಒಂದು ವಾರ ಪುಟ್ಟು ಕಡಲೆ ಬಂದ್ ಆಯ್ತು.

ಕಾಂಕ್ರೀಟ್_ಮೆಟ್ಟಿಲು

ಕೆಜಿಎಫ್‌ನ ಹುಡುಗ ಬರೆದದ್ದನ್ನು ಎರಡು ಸಲ ಓದಿದೆ. ಮೇಲೆ "ಆ ಹನ್ನೊಂದು ಜನ ನಮ್ಮವರು" ಎಂದು ಬರೆದೆನಲ್ಲ, ಅದರಲ್ಲಿ ಸ್ವಲ್ಪ ಅಹಂಕಾರ ಇತ್ತೆನಿಸುತ್ತದೆ. ಬ್ರಿಜೇಶ್ ಪಟೇಲ್ ಗುಜರಾತಿ ಮನೆತನದವರು. ಹುಟ್ಟಿದ್ದು ಬರೋಡದಲ್ಲಿ. ಅವರು ನಮ್ಮವರಲ್ಲ ಎಂದು ಯಾರಾದರೂ ಅಂದಿದ್ದರೆ ಆವತ್ತು ಮೆಟ್ಟಿಲಲ್ಲಿ ಕೂತಿದ್ದ ನಾವು ಬಿಡುತ್ತಿರಲಿಲ್ಲ. ಹಾಗಾದರೆ ಕೊಹ್ಲಿಗೆ ಮಾತ್ರ ಬೇರೆ ಲೆಕ್ಕ ಯಾಕೆ ಹಾಕಿದೆ? ಹದಿನೆಂಟು ವರ್ಷ ಒಂದೇ ಅಂಗಿ ಹಾಕಿದ ಮನುಷ್ಯ. ರಾಂಚಿ–ದೆಹಲಿ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ರಣಜಿ ನೋಡಿ ಎಂದದ್ದನ್ನು ತೆಗೆದುಕೊಳ್ಳುವುದಿಲ್ಲ.

ಮೆಜೆಸ್ಟಿಕ್_ಪ್ಲಾಟ್‌ಫಾರಂ

ಸಾರ್, ನೀವು ಹೇಳಿದ ಮೇಲೆ ಹುಡುಕಿ ನೋಡಿದೆ. 2019ರ ಮುಷ್ತಾಕ್ ಅಲಿ ಟ್ರೋಫಿ (ರಾಜ್ಯ ತಂಡಗಳ ಟಿ20) ಫೈನಲ್, ಸೂರತ್. ಕೊನೇ ಓವರಲ್ಲಿ ತಮಿಳುನಾಡಿಗೆ 13, ಕೃಷ್ಣಪ್ಪ ಗೌತಮ್ ಬೌಲಿಂಗ್, ಅಶ್ವಿನ್ ಎರಡು ಫೋರ್ ಹೊಡೆದೂ ನಾವು ಒಂದು ರನ್ನಿಂದ ಗೆದ್ವಿ. ಎರಡು ವರ್ಷಕ್ಕೆ ಅದೇ ಟೂರ್ನಿ ಫೈನಲ್, ಅದೇ ಎರಡು ತಂಡ, ಕೊನೇ ಬಾಲಿಗೆ ಐದು ಬೇಕಿದ್ದಾಗ ಶಾರುಖ್ ಖಾನ್ ಸಿಕ್ಸ್. ನಟ ಅಲ್ಲ, ಚೆನ್ನೈ ಹುಡುಗ. ಛೆ, ಇದನ್ನೆಲ್ಲ ಲೈವ್ ನೋಡಬೇಕಿತ್ತು.

ಜಯನಗರ_ನಾಲ್ಕನೇ_ಬ್ಲಾಕ್

ನನಗೆ ಈಗ ಆ ಹುಮ್ಮಸ್ಸೇ ಇಲ್ಲ. 2025ರ ಜೂನ್ 3ಕ್ಕೆ ಪಂಜಾಬನ್ನ 6 ರನ್ನಿಂದ ಸೋಲಿಸಿ ಕಪ್ ಗೆದ್ದಾಗ ಅತ್ತಿದ್ದೆ. ಮಾರನೇ ದಿನ ಸ್ಟೇಡಿಯಂ ಹೊರಗೆ ನೂಕುನುಗ್ಗಲಲ್ಲಿ 11 ಜನ ಹೋದರು. ಹೋಗಬೇಕು ಅಂತ ನಾನೂ ಹೊರಟಿದ್ದೆ. ಮೆಟ್ರೋದಲ್ಲಿ ಕಾಲಿಡೋಕೂ ಜಾಗ ಇರಲಿಲ್ಲ, ವಾಪಸ್ ಬಂದೆ. ಸಂಜೆ ಮೊದಲು ಫೋನ್ ಮಾಡಿದ್ದು ಚೆನ್ನೈಯ ಸ್ನೇಹಿತ. ಹದಿನಾಲ್ಕು ವರ್ಷದಿಂದ ಬರೀ ಕಾಲೆಳೆಯೋಕೆ ಫೋನ್ ಮಾಡ್ತಿದ್ದವನು. ಆವತ್ತು "ಎಲ್ಲಿದ್ದೀಯಾ" ಅಂತ ಒಂದೇ ಕೇಳಿ, ಮನೇಲಿದ್ದೀನಿ ಅಂದ ಮೇಲೆ ಇಟ್ಟ.

ಮಾರಿಕುಪ್ಪಂ_ಪ್ಯಾಸೆಂಜರ್

ನಮ್ಮ ಬೋಗೀಲಿ ಮಾರನೇ ದಿನ ಯಾರೂ ಬಣ್ಣದ ಅಂಗಿ ಹಾಕಿರಲಿಲ್ಲ. ಯಾರೂ ಹೇಳ್ಕೊಂಡು ಮಾಡಿದ್ದಲ್ಲ.

ಹುಬ್ಬಳ್ಳಿ_ಗಿರ್ಮಿಟ್

ಬನಶಂಕರಿ ಅಣ್ಣಾರ, ಇಷ್ಟ್ ಬರದ್ರಿ, ಮುಖ್ಯದ್ದ ಹೇಳಲಿಲ್ಲ. 2025ರ ಮೇ 3ಕ್ಕ ಚಿನ್ನಸ್ವಾಮಿಯೊಳಗ ಚೆನ್ನೈ ಮ್ಯಾಲೆ ನೀವು ಎರಡ ರನ್ನಲೇ ಗೆದ್ರಿ. ಶೆಫರ್ಡ್ ಹದಿನಾಕ ಬಾಲಿನಾಗ 53 ಹೊಡದಿದ್ದು, ಮ್ಹಾತ್ರೆ ಅನ್ನೂ ಸಣ್ಣ ಹುಡುಗ 94 ಹೊಡದು ಅಂಜಿಸಿದ್ದು, ಅದು. ಮರುದಿವಸ ನಿಮ್ಮ ಮನಿಗೆ ಹಾಲು ಬಂತೋ ಇಲ್ಲೋ?

ಬನಶಂಕರಿ_ಎರಡನೇ_ಹಂತ

ಅದೇ ಈಗ ವ್ಯಾಜ್ಯ ಆಗಿರೋದು.

ಅಂಕಲ್ ಆಗ ಮಗಳ ಮನೆಗೆ ಅಂತ ಕೊಯಮತ್ತೂರಿಗೆ ಹೋಗಿದ್ದರು. ಹಾಲು ಎಲ್ಲಿಂದ ಬರುತ್ತೆ ಅಂತ ನಾನು ಕೈಬಿಟ್ಟಿದ್ದೆ. ಬೆಳಗ್ಗೆ ಬಾಗಿಲು ತೆಗೆದ್ರೆ ಹಿಡಿಕೆಗೆ ಒಂದು ಚೀಲ, ಒಳಗೆ ಅರ್ಧ ಲೀಟರ್ ಹಾಲು. ಅಲ್ಲಿಂದಲೇ ಮೊಬೈಲಲ್ಲಿ ಆರ್ಡರ್ ಮಾಡಿ ಹಾಕಿಸಿದ್ದಾರೆ. ಎಂಟು ಗಂಟೆಗೆ ಫೋನ್: "ತಲುಪಿತಾ? ಲೆಕ್ಕ ಚುಕ್ತಾ."

ನಾನು ಒಪ್ಪಿಲ್ಲ. ಬೆಲ್ ಒತ್ತಿಲ್ಲ, ಮುಖ ತೋರಿಸಿಲ್ಲ. 2011ರಲ್ಲಿ ನಾನು ಎರಡೂ ಮಾಡಿದ್ದೀನಿ. ಅವರು "ಡೆಲಿವರಿ ಹುಡುಗ ನನ್ನ ಪ್ರತಿನಿಧಿ" ಅಂತ ವಾದ ಮಾಡ್ತಾರೆ. ಪ್ರತಿನಿಧೀನೂ ಬೆಲ್ ಒತ್ತಿಲ್ಲ ಅಲ್ವಾ ಅಂದೆ. "ಬೆಳಗ್ಗೆ ಐದೂವರೆಗೆ ಬೆಲ್ ಒತ್ತಿದ್ರೆ ನಿಮ್ಮ ಹೆಂಡತಿ ಸುಮ್ನಿರ್ತಿದ್ರಾ" ಅಂತಾರೆ. ಅದು ನಿಜ.

ನೀವೇ ತೀರ್ಪು ಕೊಡಿ.

ಕಾಂಕ್ರೀಟ್_ಮೆಟ್ಟಿಲು

ನೋಬಾಲ್.

ಚೆಪಾಕ್_ಕೆಂಪಂಗಿ

ನೋಬಾಲ್. ಹಾಲು ಮತ್ತೆ ಹಾಕಿಸಬೇಕು.

ಕುಡ್ಲದ_ಬಂಗುಡೆ

ಅಂಕಲ್‌ಗೆ ವಯಸ್ಸಾಗಿದೆ ಮಾರಾಯ್ರೆ, ಬಿಡಿ.

ಬನಶಂಕರಿ_ಎರಡನೇ_ಹಂತ

ಬಿಡಲ್ಲ. ಈ ಚರ್ಚೆಯ ಲಿಂಕ್ ಅವರಿಗೇ ಕಳಿಸಿದ್ದೀನಿ. ಕನ್ನಡ ಚೆನ್ನಾಗೇ ಓದ್ತಾರೆ.